ಆರುನೂರ ಹನ್ನೆರಡು ಮನೆಗಳಿಗೆ ಎರಡನೆಯ ಸಲ

ಗೆರ್ಟ್ರೂಡ್ ಕುವೆಲ್ಲೊ ಮೇಡಂ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ತಾಳ್ಮೆಯ ಕೆಲಸ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಯಾರದೋ ಅಂಗಳದ ಹಗ್ಗದಲ್ಲಿ ಒಣಗುತ್ತಿರುವ ಬಟ್ಟೆಗಳನ್ನು ಕಣ್ಣು ಕಿರಿದು ಮಾಡಿ ನೋಡುತ್ತಾರೆ. "ಈ ಮನೆಯಲ್ಲಿ ಹಾಸಿಗೆ ಹಿಡಿದವರು ಒಬ್ಬರು ಉಂಟು. ಹಾಸಿಗೆ ಬಟ್ಟೆ ದಿನಾ ಒಗೀತಾರೆ ನೋಡು. ಯಾರು ಒಗೆಯುವುದು?" ಎನ್ನುತ್ತಾರೆ. ಅಷ್ಟರಲ್ಲಿ ಮನೆಯೊಡತಿ ಹೊರಗೆ ಬಂದು "ಎಂತ ಬೇಕಿತ್ತು?" ಎಂದು ಗಡಸಾಗಿ ಕೇಳುತ್ತಾಳೆ. ಹತ್ತು ನಿಮಿಷ ಕಳೆದರೆ ಇವರು ಅವಳ ಜಗಲಿಯಲ್ಲಿ ಕೂತು ನೀರುಮಜ್ಜಿಗೆ ಕುಡಿಯುತ್ತಿರುತ್ತಾರೆ. ನಾನು ಗೇಟಿನ ಹೊರಗೆ ವಾಚು ನೋಡುತ್ತಾ ನಿಂತಿರುತ್ತೇನೆ.

ಮೇಡಂ ವೃತ್ತಿಯಲ್ಲಿ ಅರ್ಥಶಾಸ್ತ್ರಜ್ಞೆ. ಮಂಗಳೂರಿನ ಕಾಲೇಜೊಂದರಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಅಭಿವೃದ್ಧಿ ಅರ್ಥಶಾಸ್ತ್ರ ಕಲಿಸಿದವರು. ನಾನು, ಪ್ರಣೀತಾ, ಅವರ ವಿದ್ಯಾರ್ಥಿನಿ. ಮೊದಲ ತರಗತಿಯ ದಿನ ಅವರು ಬೋರ್ಡಿನ ಮೇಲೆ ಏನೂ ಬರೆಯದೆ ಹೇಳಿದ್ದರು: "ಊರು ಉದ್ಧಾರ ಆಯ್ತು ಅಂತ ಎಲ್ಲರೂ ಹೇಳ್ತಾರೆ. ಯಾರದ್ದು ಆಯ್ತು, ಆದದ್ದು ಹೌದಾ ಅಂತ ಮನೆ ಮನೆಗೆ ಹೋಗಿ ಕೇಳುವುದು ನಮ್ಮ ಕೆಲಸ. ಚಪ್ಪಲಿ ಗಟ್ಟಿ ಇರಬೇಕು."

ಅವರ ತಂದೆ ರಾಫೆಲ್ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವವರಾಗಿದ್ದರು. ಮಗಳು ಪಿಯುಸಿಯಲ್ಲಿದ್ದಾಗ ಕಾರ್ಖಾನೆ ಮುಚ್ಚಿತು. ಒಂದು ಸೋಮವಾರ ಸೈರನ್ ಆಗಲಿಲ್ಲ, ಅಷ್ಟೆ. ಆ ವರ್ಷ ಗೆರ್ಟ್ರೂಡ್ ಒಂದು ಸಂಗತಿ ಗಮನಿಸಿದರು. ಕಾರ್ಖಾನೆ ನಿಂತದ್ದರ ಬಗ್ಗೆ ಪೇಪರಿನಲ್ಲಿ ಬಂತು, ಭಾಷಣಗಳಲ್ಲಿ ಬಂತು. ಕೆಲಸ ಹೋದ ಮುನ್ನೂರು ಜನ ಆಮೇಲೆ ಎಲ್ಲಿಗೆ ಹೋದರು, ಎಂತ ಮಾಡಿದರು ಎಂದು ಯಾರೂ ಬರೆಯಲಿಲ್ಲ. ದೆಹಲಿಯಲ್ಲಿ ಪಿಎಚ್‌ಡಿ ಮಾಡುವಾಗ ಅವರು ಹುಡುಕಿದ್ದು ಆ ಮುನ್ನೂರು ಜನರನ್ನೇ. ಇನ್ನೂರ ಎಪ್ಪತ್ತು ಮಂದಿ ಸಿಕ್ಕಿದರು. ದೆಹಲಿಯಲ್ಲೇ ನೌಕರಿ ಕೊಡುತ್ತೇವೆಂದರೂ ಒಪ್ಪದೆ ಊರಿಗೆ ಬಂದರು. ಯಾಕೆಂದು ಕೇಳಿದರೆ, "ನಾನು ಪ್ರಶ್ನೆ ಕೇಳಬೇಕಾದವರೆಲ್ಲ ಇಲ್ಲಿದ್ದಾರೆ, ಮಾರಾಯ್ತಿ" ಎಂದು ನಗುತ್ತಾರೆ. ಮದುವೆಯಾಗಲಿಲ್ಲ. ಕದ್ರಿಯ ಏರು ರಸ್ತೆಯ ಒಂದು ಸಣ್ಣ ಮನೆಯಲ್ಲಿ ತಾಯಿ ನೆಲ್ಲಿಬಾಯಿಯೊಡನೆ ಇದ್ದರು.

ತರಗತಿಯ ಹೊರಗೆ ನಾನು ಅವರ ಜೀವನದೊಳಗೆ ಬಂದದ್ದು ೨೦೧೧ರಲ್ಲಿ, ಎಂ.ಎ. ಮುಗಿಸಿದ ವರ್ಷ. ಬಜಪೆಯ ಸುತ್ತಮುತ್ತ ಆರುನೂರ ಹನ್ನೆರಡು ಮನೆಗಳ ಸಮೀಕ್ಷೆ. ಗಂಡಸರು ಗಲ್ಫಿಗೆ ಹೋದ ಮನೆಗಳಲ್ಲಿ ಹೆಂಗಸರ ಬದುಕು ಹೇಗೆ ಬದಲಾಗಿದೆ ಎಂಬುದು ವಿಷಯ. ನಾವು ನಾಲ್ವರು ಹೋಗುತ್ತಿದ್ದೆವು. ಫಾರ್ಮಿನಲ್ಲಿ ಮೂವತ್ತೊಂದು ಪ್ರಶ್ನೆ. ಏಳನೆಯದು, "ನೀವು ಕೆಲಸಕ್ಕೆ ಹೋಗುತ್ತೀರಾ?" ನಾನು ತುಳುವಿನಲ್ಲಿ "ಬೇಲೆಗ್ ಪೋಪರಾ?" ಎಂದು ಕೇಳುತ್ತಿದ್ದೆ. "ಇಜ್ಜಿ" ಎನ್ನುತ್ತಿದ್ದರು. ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕಿ ಎಂಟನೆಯದಕ್ಕೆ ಹೋಗುತ್ತಿದ್ದೆ.

ಎರಡು ವರ್ಷದ ನಂತರ ಮೇಡಂ ಅವರ ಲೇಖನ ಒಳ್ಳೆಯ ಪತ್ರಿಕೆಯೊಂದರಲ್ಲಿ ಬಂತು. ವಿದೇಶದಿಂದ ಗಂಡನ ಸಂಪಾದನೆ ಬರತೊಡಗಿದ ಮೇಲೆ ಹತ್ತರಲ್ಲಿ ಏಳು ಹೆಂಗಸರು ಕೆಲಸ ಬಿಟ್ಟಿದ್ದಾರೆ ಎಂಬುದು ಅದರ ಸಾರ. ಹೆಸರಾಯಿತು. ಹೊರ ಊರುಗಳಿಂದ ಕರೆ ಬಂತು. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಕ್ ಕತ್ತರಿಸಿದರು. ದೊಡ್ಡ ಪ್ರತಿಷ್ಠಾನವೊಂದು ಮೂರು ವರ್ಷದ ಯೋಜನೆ ಕೊಡುತ್ತೇವೆ ಎಂದು ಪತ್ರ ಬರೆಯಿತು.

೨೦೧೪ರ ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಕದ್ರಿಯ ಮನೆಯಲ್ಲಿ ಅವರ ಕಾಗದಪತ್ರ ಜೋಡಿಸುತ್ತಿದ್ದೆ. ಗೇಟಿನ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಇಪ್ಪತ್ತೆಂಟು ಮೂವತ್ತರ ಪ್ರಾಯ, ಸೊಂಟದಲ್ಲಿ ಎರಡೂವರೆ ವರ್ಷದ ಹೆಣ್ಣು ಮಗು, ಕೈಯಲ್ಲಿ ಮಡಚಿದ ಒಂದು ಕಾಗದ. ಬಸ್ಸು ಇಳಿದು ಏರು ಹತ್ತಿ ಬಂದದ್ದರಿಂದ ಏದುಸಿರು.

"ಕುವೆಲ್ಲೊ ಟೀಚರ್ ನೀವಾ?"

"ಹೌದು. ಒಳಗೆ ಬನ್ನಿ, ಕೂತ್ಕೊಳ್ಳಿ."

ಅವಳು ಕೂರಲಿಲ್ಲ. "ನಾನು ಜಯ. ಬಜಪೆಯ ಹತ್ತಿರ ನಮ್ಮ ಮನೆ. ನಾವು ಕೆಲಸ ಮಾಡುವುದಿಲ್ಲ ಅಂತ ನೀವು ಬರೆದದ್ದಂತೆ, ಹೌದಾ?"

ಕಾಗದ ಅವರ ಊರಿನ ಬಾಲವಾಡಿಯ ಬಾಗಿಲಿಗೆ ಅಂಟಿಸಿದ್ದು. ಒಂದು ಸೇವಾ ಸಂಸ್ಥೆ ಅಲ್ಲಿ ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಿತ್ತು. ಆ ಭಾಗದ ತಾಯಂದಿರು ಹೆಚ್ಚಿನವರು ಮನೆಯಲ್ಲೇ ಇರುವುದರಿಂದ, ಅಧ್ಯಯನವೊಂದರ ಪ್ರಕಾರ ಕೇಂದ್ರದ ಅಗತ್ಯ ಇನ್ನಿಲ್ಲ, ಜೂನ್‌ನಿಂದ ಮುಚ್ಚಲಾಗಿದೆ ಎಂದು ಬರೆದಿತ್ತು. ಅಧ್ಯಯನ ಯಾರದ್ದೆಂದು ಜಯ ಬಾಲವಾಡಿಯ ಅಕ್ಕನನ್ನು ಕೇಳಿ, ವಿಳಾಸ ಹುಡುಕಿ ಬಂದಿದ್ದಳು.

ಮೇಡಂ ಕಾಗದವನ್ನು ಎರಡು ಸಲ ಓದಿದರು. ನಂತರ ಕೇಳಿದರು, "ನೀವು ಎಂತ ಕೆಲಸ ಮಾಡ್ತೀರಿ?"

"ಬೀಡಿ ಕಟ್ತೇನೆ."

"ನಮ್ಮವರು ಬಂದು ಕೇಳಿದಾಗ ಹಾಗೆ ಹೇಳಲಿಲ್ವಾ?"

"ಕೆಲಸಕ್ಕೆ ಹೋಗ್ತೀರಾ ಅಂತ ಕೇಳಿದ್ರು. ನಾನು ಎಲ್ಲಿಗೂ ಹೋಗುವುದಿಲ್ಲ ಟೀಚರ್. ಮನೆಯಲ್ಲೇ ಕೂತು ಕಟ್ಟುವುದು. ಬ್ರಾಂಚಿನ ಪಾಸ್ ಬುಕ್ ಅತ್ತೆಯ ಹೆಸರಲ್ಲಿ ಉಂಟು."

ಬ್ರಾಂಚ್ ಎಂದರೆ ಎಲೆ, ಪುಡಿ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಅಂಗಡಿ. ಸೊಸೆಯ ಕೈಯ ಬೀಡಿಯೆಲ್ಲ ಅಲ್ಲಿ ಅತ್ತೆಯ ಲೆಕ್ಕದಲ್ಲೇ ಬರೆಯಲ್ಪಡುತ್ತಿತ್ತು. ನಾನು ತಲೆ ಎತ್ತದೆ ಕಾಗದ ಜೋಡಿಸುತ್ತಲೇ ಇದ್ದೆ. ಆ ಮನೆಗೆ ಹೋಗಿ 'ಇಜ್ಜಿ' ಎಂದು ಗುರುತು ಹಾಕಿ ಬಂದವಳು ನಾನೇ ಎಂದು ನನಗೆ ಗೊತ್ತಾಗಿತ್ತು. ಜಯಳಿಗೆ ನನ್ನ ಗುರುತು ಸಿಕ್ಕಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಮೇಡಂ ನನ್ನನ್ನು ಕರೆದುಕೊಂಡು ಬಜಪೆಗೆ ಹೊರಟರು. ಫಾರ್ಮಿಲ್ಲ, ಪೆನ್ನಿಲ್ಲ. "ಇವತ್ತು ಕೇಳಲಿಕ್ಕೆ ಇಲ್ಲ. ನೋಡಲಿಕ್ಕೆ ಮಾತ್ರ" ಎಂದರು.

ಇಡೀ ದಿನ ಜಯಳ ಮನೆಯಲ್ಲಿ ಕೂತೆವು. ಅವಳ ಅತ್ತೆ ಹೇಮಾಕ್ಷಿಯಮ್ಮ ಮೊದಲು ಮುಜುಗರಪಟ್ಟರು, "ಬಾಯಮ್ಮ, ಇದೆಂತ ನಮ್ಮ ಮನೆಯಲ್ಲಿ ನೋಡಲಿಕ್ಕೆ ಉಂಟು?" ಎಂದು. ಆಮೇಲೆ ಕಾಲು ನೀಡಿ ಕೂತು ತಮ್ಮ ಗಂಟುನೋವಿನ ಕಥೆ ಶುರುಮಾಡಿದರು. ಜಯ ನೀರು ಸೇದಿದಳು, ರಾತ್ರಿ ನೆನೆಸಿಟ್ಟ ಎಲೆ ಕತ್ತರಿಸಿದಳು, ಗಂಜಿಗೆ ಇಟ್ಟಳು, ಮತ್ತೆ ಎಲೆ ಕತ್ತರಿಸಿದಳು. ಹತ್ತು ಗಂಟೆಗೆ ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡಳು. ಅದು ಎಲೆ ಮತ್ತು ಹೊಗೆಸೊಪ್ಪಿನ ಪುಡಿ ಇಟ್ಟುಕೊಳ್ಳುವ ಮೊರ. ಬೆರಳುಗಳು ಓಡತೊಡಗಿದವು. ತಲೆಯ ಮೇಲೆ ಬಜಪೆ ನಿಲ್ದಾಣದ ವಿಮಾನಗಳು ಇಳಿಯುತ್ತಿದ್ದವು, ಏರುತ್ತಿದ್ದವು. ಅವಳು ಒಮ್ಮೆಯೂ ತಲೆ ಎತ್ತಲಿಲ್ಲ.

ಮಗು ಪ್ರಾಪ್ತಿ ಮತ್ತೆ ಮತ್ತೆ ಪುಡಿಯ ಕಡೆ ಬರುತ್ತಿತ್ತು. ಒಮ್ಮೆ ಹಿಡಿ ತುಂಬ ತೆಗೆದು ಬಾಯಿಯ ಹತ್ತಿರ ಒಯ್ದಿತು. ಜಯ ಚಂಗನೆ ಹಾರಿ ಕೈ ಒರೆಸಿದಳು. ನಂತರ ಒಂದು ಹಳೆಯ ಸೀರೆಯ ತುದಿಯನ್ನು ಮಗುವಿನ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದಳು. ಮಗು ಸೀರೆಯುದ್ದಕ್ಕೆ ನಡೆದು, ಅಲ್ಲಿಂದ ಮುಂದೆ ಹೋಗಲಾಗದೆ ಅಳತೊಡಗಿತು.

"ಬಾಲವಾಡಿ ಇದ್ದಾಗ ಇದು ಬೇಕಿರಲಿಲ್ಲ" ಎಂದಳು ಜಯ. ದೂರುವ ದನಿಯಲ್ಲಿ ಅಲ್ಲ, ಸುಮ್ಮನೆ.

ಮೇಡಂ ಎದ್ದು ಹೋಗಿ ಗಂಟು ಬಿಚ್ಚಿದರು. ಸಂಜೆ ಐದರವರೆಗೂ ಮಗುವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಹಿಂದಿರುಗುವ ಬಸ್ಸಿನಲ್ಲಿ ಕಾವೂರು ದಾಟಿದ ಮೇಲೆ ನಾನೇ ಬಾಯಿಬಿಟ್ಟೆ. "ಮೇಡಂ, ಈ ಮನೆಗೆ ಬಂದದ್ದು ನಾನು."

"ಗೊತ್ತು. ಫಾರ್ಮಿನಲ್ಲಿ ನಿನ್ನ ಸಹಿ ಉಂಟು. ನಿನ್ನೆಯೇ ನೋಡಿದೆ."

"ಆವತ್ತು ಜಗಲಿಯಲ್ಲಿ ತಡ್ಪೆ ಇತ್ತು. ನಾನು ನೋಡಿದ್ದೆ. ಅವರು ಇಲ್ಲ ಅಂದ್ರು, ಹಾಗೆ ನಾನು..." ನನಗೆ ಅಳು ಬಂತು.

"ನೀನು ಕೇಳಿಸಿಕೊಂಡದ್ದನ್ನು ಬರೆದೆ. ನೋಡಿದ್ದನ್ನು ಬರೆಯಲಿಕ್ಕೆ ನಾನು ಫಾರ್ಮಿನಲ್ಲಿ ಜಾಗವೇ ಇಟ್ಟಿರಲಿಲ್ಲ. ತಪ್ಪು ಪ್ರಶ್ನೆಯದ್ದು. ಪ್ರಶ್ನೆ ನನ್ನದು. ಕಣ್ಣು ಒರೆಸಿಕೋ, ಕಂಡಕ್ಟರ್ ನೋಡ್ತಾನೆ."

ಕದ್ರಿಯ ಮನೆಯಲ್ಲಿ ನೆಲ್ಲಿಬಾಯಿ ನಮಗೆ ಚಹಾ ಮಾಡಿಟ್ಟಿದ್ದರು. ಆಗ ಅವರಿಗೆ ಎಪ್ಪತ್ತೆಂಟು. ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಇಪ್ಪತ್ತಾರು ವರ್ಷ ಫಳ್ನೀರಿನ ಆಸ್ಪತ್ರೆಗಳಿಗೆ ದಿಂಬಿನ ಕವರು, ಹೊದಿಕೆ ಹೊಲಿದು ಮಗಳನ್ನು ಓದಿಸಿದ ಹೆಂಗಸು. ಕಾಲಿನಿಂದ ತುಳಿಯುವ ಅವರ ಹೊಲಿಗೆ ಯಂತ್ರ ಇನ್ನೂ ನಡುಮನೆಯಲ್ಲೇ ಇತ್ತು. ಮೇಡಂ ಚಹಾದ ಲೋಟ ಹಿಡಿದು ಕೊಂಕಣಿಯಲ್ಲಿ ಕೇಳಿದರು. ನನಗೆ ಅರ್ಥವಾಗುವಷ್ಟು ಕೊಂಕಣಿ ಬರುತ್ತಿತ್ತು.

"ಮಾಂಯ್, ಆಗೆಲ್ಲ ಯಾರಾದರೂ ಬಂದು, ನೀನು ಕೆಲಸಕ್ಕೆ ಹೋಗ್ತೀಯಾ ಅಂತ ಕೇಳಿದ್ದರೆ ಎಂತ ಹೇಳ್ತಿದ್ದೆ?"

"ಇಲ್ಲ ಅಂತ. ನಾನೆಲ್ಲಿಗೆ ಹೋಗಿದ್ದೇನೆ? ಮನೆಯಲ್ಲೇ ಇದ್ದೆನಲ್ಲ."

"ಮತ್ತೆ ಆ ಕವರ್ ಹೊಲಿದದ್ದು?"

"ಅದು ಹೊಲಿಗೆ, ಬಾಯ್. ಕೆಲಸಕ್ಕೆ ಹೋಗುತ್ತಿದ್ದದ್ದು ನಿನ್ನ ಅಪ್ಪ."

ಮೇಡಂ ನಗತೊಡಗಿದರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಪಿಯುಸಿಯಿಂದ ಪಿಎಚ್‌ಡಿಯವರೆಗೆ ಎಷ್ಟು ಅರ್ಜಿ ತುಂಬಿಸಿದ್ದೇನೆ ಗೊತ್ತುಂಟಾ ಪ್ರಣೀತಾ? ತಾಯಿಯ ಉದ್ಯೋಗ ಅಂತ ಇರ್ತದಲ್ಲ, ಅಲ್ಲಿ ಪ್ರತಿ ಸಲ ನನ್ನ ಕೈಯಿಂದಲೇ 'ಇಲ್ಲ' ಅಂತ ಬರೆದದ್ದು. ಆ ಯಂತ್ರದ ಸದ್ದು ಕೇಳ್ತಾ ಕೂತು ಬರೆದದ್ದು!"

ನೆಲ್ಲಿಬಾಯಿಗೆ ಇದರಲ್ಲಿ ನಗುವುದೇನಿದೆ, ಅಳುವುದೇನಿದೆ ಎಂದು ತಿಳಿಯಲಿಲ್ಲ. ಬಿಸ್ಕಿಟ್ ತರಲು ಒಳಗೆ ಹೋದರು.

ಆ ಡಿಸೆಂಬರಿನಲ್ಲಿ ನಗರದ ಒಂದು ಸಭಾಂಗಣದಲ್ಲಿ ದೊಡ್ಡ ವಿಚಾರಸಂಕಿರಣ ಇತ್ತು. ಮೇಡಂ ಅವರದ್ದೇ ಮುಖ್ಯ ಭಾಷಣ, ಅದೇ ಲೇಖನದ ಮೇಲೆ. ನಾನು ಮೂರನೆಯ ಸಾಲಿನಲ್ಲಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಹತ್ತರಲ್ಲಿ ಏಳು ಹೆಂಗಸರು ಕೆಲಸ ಬಿಟ್ಟಿದ್ದಾರೆ ಎಂದು ನಾನು ಬರೆದೆ. ಅದು ಸರಿಯಲ್ಲ. ಅವರು ಬಿಟ್ಟಿಲ್ಲ. ನಾನು ಕೇಳಿದ ರೀತಿ ತಪ್ಪಿತ್ತು. ನನ್ನ ಲೇಖನ ನಂಬಿ ಒಂದು ಬಾಲವಾಡಿ ಮುಚ್ಚಿದರು. ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಪತ್ರಿಕೆಗೆ ಬರೆದಿದ್ದೇನೆ. ಇವತ್ತು ನನ್ನ ಬಳಿ ಬೇರೆ ಭಾಷಣ ಇಲ್ಲ. ತಪ್ಪು ಹೇಗಾಯಿತೆಂದು ಬೇಕಾದರೆ ವಿವರಿಸುತ್ತೇನೆ."

ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರಾಧ್ಯಾಪಕರು ಊಟದ ಹೊತ್ತಿಗೆ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಎಂತ ಮೇಡಂ ಇದು! ಮುಂದಿನ ಲೇಖನದಲ್ಲಿ ಒಂದು ಅಡಿಟಿಪ್ಪಣಿ ಹಾಕಿದ್ರೆ ಸಾಕಿತ್ತಲ್ಲ. ಎಲ್ಲರೂ ಹಾಗೇ ಮಾಡುವುದು."

"ಬಾಲವಾಡಿಯ ಬಾಗಿಲಿಗೆ ಅಡಿಟಿಪ್ಪಣಿ ಅಂಟಿಸಲಿಕ್ಕೆ ಆಗುವುದಿಲ್ಲ ಸರ್" ಎಂದರು ಮೇಡಂ. ಆದರೆ ತಟ್ಟೆಯನ್ನು ಹಾಗೇ ಮೇಜಿನ ಮೇಲೆ ಇಟ್ಟರು. ಊಟ ಬಿಟ್ಟು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಗಟಗಟನೆ ನೀರು ಕುಡಿದರು.

ಮೂರು ವರ್ಷದ ಯೋಜನೆ ಕೈತಪ್ಪಿತು. ವಿಭಾಗದ ಮುಖ್ಯಸ್ಥೆಯಾಗುವ ಸರದಿ ಅವರದ್ದಿತ್ತು. ಅದೂ ಬೇರೆಯವರಿಗೆ ಹೋಯಿತು. ಕಾರಿಡಾರಿನಲ್ಲಿ ಕೆಲವರು ಅವರನ್ನು ಕಂಡಾಗ ಮೊಬೈಲ್ ನೋಡುತ್ತಾ ದಾಟುವುದನ್ನು ಕಲಿತರು. ಸೇವಾ ಸಂಸ್ಥೆಯವರು ಮಾತ್ರ ಮರ್ಯಾದೆಯಿಂದಲೇ ಮಾತಾಡಿದರು. "ಆ ವರದಿಯೂ ನಿಮ್ಮದೇ, ಈ ಮಾತೂ ನಿಮ್ಮದೇ. ಯಾವುದನ್ನು ನಂಬುವುದು ಮೇಡಂ? ಗಟ್ಟಿ ಆಧಾರ ತನ್ನಿ" ಎಂದರು.

ಹಾಗಾಗಿ ಆರುನೂರ ಹನ್ನೆರಡು ಮನೆಗಳಿಗೆ ಎರಡನೆಯ ಸಲ ಹೋಗುವುದೆಂದಾಯಿತು. ಯಾರ ಸಹಾಯವೂ ಇಲ್ಲ. ಶನಿವಾರ, ಆದಿತ್ಯವಾರ, ರಜೆಯ ದಿನಗಳಲ್ಲಿ ಮಾತ್ರ. ನಾನು ಅಷ್ಟರಲ್ಲಿ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಯಾರೂ ಕರೆಯದಿದ್ದರೂ ಹೋದೆ. ಮೂರನೆಯವಳು ಬೇಕಿತ್ತು. ಮೇಡಂ ಜಯಳನ್ನು ಕೇಳಿದರು.

"ನಾನು ಹತ್ತನೇ ಕ್ಲಾಸು ಟೀಚರ್. ಅದೂ ಗಣಿತದಲ್ಲಿ ಫೇಲ್."

"ನಾನು ಪಿಎಚ್‌ಡಿ. ಆದ್ರೂ ತಪ್ಪು ಪ್ರಶ್ನೆ ಕೇಳಿದ್ದೇನೆ. ನೀವು ಸರಿ ಪ್ರಶ್ನೆ ಹೇಳಿಕೊಡಿ."

ಜಯ ಯೋಚಿಸಿದಳು. "ಕೆಲಸ ಅನ್ನುವ ಶಬ್ದವೇ ಬೇಡ. ನಿನ್ನೆ ಬೆಳಿಗ್ಗೆ ಎದ್ದು ಎಂತ ಮಾಡಿದ್ರಿ, ಅದು ಆದ ಮೇಲೆ ಎಂತ, ಅದರ ನಂತರ ಎಂತ ಅಂತ ಮಲಗುವವರೆಗೆ ಕೇಳಿ. ಅವರೇ ಹೇಳ್ತಾರೆ."

ಮೂವತ್ತೊಂದು ಪ್ರಶ್ನೆಗಳ ಜಾಗದಲ್ಲಿ ಒಂದೇ ಪ್ರಶ್ನೆಯ ಫಾರ್ಮು ತಯಾರಾಯಿತು. ಆದರೆ ಮೊದಲ ವಾರವೇ ಶಾರ್ಜಾದಿಂದ ಜಯಳ ಗಂಡ ಮುಖೇಶನ ಫೋನ್ ಬಂತು. ಅವನು ಅಲ್ಲಿ ಎಸಿ ಮೆಕ್ಯಾನಿಕ್. ಮೇಡಂ ಸ್ಪೀಕರಿಗೆ ಹಾಕಿದರು.

"ಮೇಡಂ, ಬೇಜಾರು ಮಾಡಬೇಡಿ. ನನ್ನ ಹೆಂಡತಿ ಕೆಲಸಕ್ಕೆ ಹೋಗ್ತಾಳೆ ಅಂತ ಎಲ್ಲ ಪುಸ್ತಕದಲ್ಲಿ ಬರೀಬೇಡಿ. ಇಲ್ಲಿ ನಮ್ಮ ಊರಿನವರು ತುಂಬ ಜನ ಇದ್ದಾರೆ. ನಾನು ಇಷ್ಟು ದೂರ ಬಂದು ದುಡಿಯುವುದು ಎಂತಕ್ಕೆ ಮತ್ತೆ?"

"ಕೆಲಸಕ್ಕೆ ಹೋಗ್ತಾಳೆ ಅಂತ ಬರೆಯುವುದಿಲ್ಲ ಮುಖೇಶ್. ಕೆಲಸ ಮಾಡ್ತಾಳೆ ಅಂತ ಬರೀತೇನೆ. ಅದು ಸುಳ್ಳಾ?"

"ಸುಳ್ಳಲ್ಲ" ಎಂದ. ಮತ್ತೆ, "ಮದುವೆಗಿಂತ ಮೊದಲು ನನ್ನ ಅಮ್ಮ ಕಟ್ಟುತ್ತಿದ್ದದ್ದು. ಅವರ ಕೈ ಈಗ ಮಡಚುವುದಿಲ್ಲ. ಜಯಳಿಗೆ ಹಾಗೆ ಆಗುವುದು ಬೇಡ ಮೇಡಂ" ಎಂದ.

"ಅದನ್ನೂ ಬರೀತೇನೆ" ಎಂದರು ಮೇಡಂ. ಆಮೇಲೆ ಅವನು ಅಡ್ಡಿ ಮಾಡಲಿಲ್ಲ. ಆ ವರ್ಷ ರಜೆಯಲ್ಲಿ ಊರಿಗೆ ಬಂದಾಗ, ಜಯ ಸಮೀಕ್ಷೆಗೆ ಹೊರಟ ದಿನಗಳಲ್ಲಿ ಮಗುವನ್ನು ಅವನೇ ನೋಡಿಕೊಂಡ. "ಒಂದು ಕಂಪ್ರೆಸರ್ ಬಿಚ್ಚಿ ಜೋಡಿಸುವುದು ಇದಕ್ಕಿಂತ ಸುಲಭ" ಎಂದು ಅಕ್ಕಪಕ್ಕದವರ ಮುಂದೆ ಒಪ್ಪಿಕೊಂಡನಂತೆ.

ಎರಡು ವರ್ಷ ಹಿಡಿಯಿತು. ಮೇಡಂ ಅವರ ಕಾಲಿಗೆ ಆಗಲೇ ನೋವು ಶುರುವಾಗಿತ್ತು. ಒಂದೊಂದು ಮನೆಯಲ್ಲಿ ಒಂದೊಂದು ತಾಸು. ಮೊದಲು "ನಿನ್ನೆ ವಿಶೇಷ ಎಂತ ಇಲ್ಲ" ಎನ್ನುವ ಹೆಂಗಸು ಆಮೇಲೆ ನಿಲ್ಲಿಸದೆ ಹೇಳುತ್ತಿದ್ದಳು. ಬೀಡಿ ಮಾತ್ರ ಅಲ್ಲ. ಒಬ್ಬರು ಹಪ್ಪಳ ಮಾಡಿ ಅಂಗಡಿಗೆ ಕೊಡುತ್ತಿದ್ದರು. ಒಬ್ಬರು ನಾಲ್ಕು ದನ ಸಾಕಿದ್ದರು. ಸುಹೈಲಾ ಎಂಬವಳು ಮದುವೆ ಮನೆಗಳಿಗೆ ಪತ್ತಿರಿ ಎಂಬ ಅಕ್ಕಿರೊಟ್ಟಿ ಮಾಡಿ ಕಳಿಸುತ್ತಿದ್ದಳು. ಅವಳ ನಿನ್ನೆಯ ಲೆಕ್ಕ ಬರೆದು ಮುಗಿಸಿದಾಗ ಅವಳೇ ಫಾರ್ಮು ಕಸಿದು ನೋಡಿ, "ಅಲ್ಲಾಹ್, ಇಷ್ಟೆಲ್ಲ ನಾನು ಮಾಡಿದ್ದಾ?" ಎಂದು ಬೆರಗಾದಳು.

ಫಲಿತಾಂಶವನ್ನು ಮೇಡಂ ಮೊದಲು ಹೇಳಿದ್ದು ಸಭಾಂಗಣದಲ್ಲಲ್ಲ, ಬಜಪೆಯಲ್ಲಿ ಮುಚ್ಚಿದ ಅದೇ ಬಾಲವಾಡಿಯ ಅಂಗಳದಲ್ಲಿ. ಎಂಬತ್ತು ತೊಂಬತ್ತು ಹೆಂಗಸರು ಬಂದಿದ್ದರು. 'ಇಜ್ಜಿ' ಎಂದಿದ್ದವರ ಪೈಕಿ ಐವರಲ್ಲಿ ನಾಲ್ವರು ಮನೆಗೆಲಸದ ಹೊರತಾಗಿ ದಿನಕ್ಕೆ ಐದಾರು ಗಂಟೆ ದುಡಿಯುತ್ತಿದ್ದಾರೆ ಎಂದು ತಮ್ಮ ಕೊಂಕಣಿ ಎಳೆತದ ತುಳುವಿನಲ್ಲಿ ಓದಿದರು. ಅವರ ತುಳುವಿಗೆ ಎಲ್ಲರೂ ನಕ್ಕರು, ಅವರೂ ನಕ್ಕರು. ಹಿಂದಿನಿಂದ ಹೇಮಾಕ್ಷಿಯಮ್ಮ ಎದ್ದು ನಿಂತು, "ಬಾಯಮ್ಮ, ಬ್ರಾಂಚಿನಲ್ಲಿ ಲೈನಿನಲ್ಲಿ ನಿಲ್ಲುವುದನ್ನು ಬಿಟ್ಟಿದ್ದೀರಿ. ಅದು ದುಡಿಮೆ ಅಲ್ವಾ?" ಎಂದರು. ಮೇಡಂ ನಾಲಗೆ ಕಚ್ಚಿಕೊಂಡು, ಅಲ್ಲೇ ನನ್ನ ಪೆನ್ನು ಇಸಿದುಕೊಂಡು ಬರೆದುಕೊಂಡರು. ನಾವು ಒಂದು ತಿಂಗಳು ಕೂತು ಲೆಕ್ಕವನ್ನು ತಿದ್ದಿದೆವು.

ಸೇವಾ ಸಂಸ್ಥೆ ವರದಿಯನ್ನು ಓದಿತು. ೨೦೧೭ರ ಜೂನಿನಲ್ಲಿ ಬಾಲವಾಡಿ ಮತ್ತೆ ತೆರೆಯಿತು. ಪ್ರಾಪ್ತಿ ಅಷ್ಟರಲ್ಲಿ ಶಾಲೆಗೆ ಸೇರಿಯಾಗಿತ್ತು. ತೆರೆದ ದಿನ ಮೇಡಂ ಅದನ್ನು ಜಯಳ ಎದುರು ಹೇಳಿ ತುಂಬ ನೊಂದುಕೊಂಡರು. "ನಿಮ್ಮ ಮೂರು ವರ್ಷ ಹೋಯಿತು ಜಯ. ಅದನ್ನು ನಾನು ವಾಪಸ್ ಕೊಡಲಿಕ್ಕೆ ಆಗುವುದಿಲ್ಲ."

"ಹೋಯ್ತು ಹೌದು" ಎಂದಳು ಜಯ. ಅವಳು ಸುಳ್ಳು ಸಮಾಧಾನ ಹೇಳುವವಳಲ್ಲ. "ಈಗ ಒಳಗೆ ಇಪ್ಪತ್ತೆರಡು ಮಕ್ಕಳು ಇದ್ದಾರೆ. ಬನ್ನಿ, ಪಾಯಸ ತಣ್ಣಗಾಗ್ತದೆ."

ಹೊಸ ಲೇಖನ ಸಣ್ಣ ಪತ್ರಿಕೆಯೊಂದರಲ್ಲಿ ಬಂತು, ಮೂರು ಹೆಸರುಗಳಲ್ಲಿ. ಮೂರನೆಯ ಹೆಸರು ಜಯಳದ್ದು. ಕೇಕ್ ಯಾರೂ ಕತ್ತರಿಸಲಿಲ್ಲ. ನಿಧಾನಕ್ಕೆ ಬೇರೆ ಜಿಲ್ಲೆಗಳ ಸಂಶೋಧಕರು ಆ ಒಂದೇ ಪ್ರಶ್ನೆಯ ಫಾರ್ಮು ಕೇಳಿ ಪತ್ರ ಬರೆಯತೊಡಗಿದರು. ಮೇಡಂ ಕಳಿಸುತ್ತಿದ್ದರು, ಜೊತೆಗೆ ಅದರಲ್ಲಿ ಇನ್ನೂ ಉಳಿದಿರುವ ತಪ್ಪುಗಳ ಒಂದು ಪುಟವನ್ನೂ.

ನೆಲ್ಲಿಬಾಯಿ ೨೦೧೯ರಲ್ಲಿ ತೀರಿಕೊಂಡರು. ಮೇಡಂ ೨೦೨೨ರಲ್ಲಿ ನಿವೃತ್ತರಾದರು. ವಿದಾಯ ಸಮಾರಂಭದಲ್ಲಿ ಹೊದಿಸಿದ ಶಾಲನ್ನು ಸಂಜೆಯೇ ಹೇಮಾಕ್ಷಿಯಮ್ಮನ ನೋಯುವ ಗಂಟುಗಳಿಗೆ ಬೆಚ್ಚಗಿರಲೆಂದು ಕೊಟ್ಟು ಬಂದರು.

ಈಗ ಅವರಿಗೆ ಅರವತ್ತು ದಾಟಿದೆ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ, ಕೈಯಲ್ಲಿ ಊರುಗೋಲು. ಆದರೂ ಹೊಸ ಸಮೀಕ್ಷೆ ಹಿಡಿದಿದ್ದಾರೆ. ಫಳ್ನೀರಿನ ಅಪಾರ್ಟ್‌ಮೆಂಟುಗಳಲ್ಲಿ ರೋಗಿಗಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುವ ಹೋಂ ನರ್ಸ್‌ಗಳ ದಿನಚರಿ. ಜಯ ಬೀಡಿ ಬಿಟ್ಟು ನಾಲ್ಕು ವರ್ಷವಾಯಿತು. ಹೊಸ ಹುಡುಗಿಯರಿಗೆ ಮನೆಗೆ ಹೋಗಿ ಹೇಗೆ ಕೇಳಬೇಕೆಂದು ಕಲಿಸುವವಳು ಅವಳೇ.

ಕಳೆದ ಶನಿವಾರ ನಾನೂ ಹೋಗಿದ್ದೆ. ಆ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಮೇಡಂ ಮೂರನೆಯ ಮಾಳಿಗೆಗೆ ಮೆಟ್ಟಿಲು ಹತ್ತಲು ಹೊರಟರು. ಜಯ ಅಡ್ಡ ನಿಂತಳು.

"ಡಾಕ್ಟರ್ ಎಂತ ಹೇಳಿದ್ದಾರೆ? ಕೂತ್ಕೊಳ್ಳಿ ಇಲ್ಲಿ. ನಾವು ಹೋಗಿ ಬರ್ತೇವೆ."

"ಒಂದೇ ಮನೆ, ಮಾರಾಯ್ತಿ."

"ಒಂದೂ ಇಲ್ಲ, ಅರ್ಧವೂ ಇಲ್ಲ."

ಗೊಣಗುತ್ತಾ ವಾಚ್‌ಮನ್ ಶುಕೂರಾಕ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾವು ಒಂದೂವರೆ ತಾಸಿನ ನಂತರ ಇಳಿದು ಬಂದಾಗ ಶುಕೂರಾಕ ಅವರೆದುರು ಗೇಟಿನ ಕಟ್ಟೆಯ ಮೇಲೆ ಕೂತು ತಾವು ನೀರಿನ ಪಂಪು ಹಾಕುವುದು, ಪಾರ್ಸೆಲ್ ತೆಗೆದಿಡುವುದು, ಶಾಲೆ ಬಿಟ್ಟು ಬಂದ ಮಕ್ಕಳನ್ನು ಅಪ್ಪ ಅಮ್ಮ ಬರುವವರೆಗೆ ನೋಡಿಕೊಳ್ಳುವುದು ಎಲ್ಲ ಬೆರಳು ಮಡಚಿ ಹೇಳುತ್ತಿದ್ದರು. ಮೇಡಂ ತಲೆ ತಗ್ಗಿಸಿ ಬರೆಯುತ್ತಿದ್ದರು. ನಾವು ಬಂದದ್ದು ಗಮನಕ್ಕೆ ಬರಲಿಲ್ಲ. ಜಯ ನನ್ನ ಕಡೆ ನೋಡಿದಳು. ಅವಸರ ಮಾಡುವುದು ಬೇಡವೆಂದು ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತೆವು.